ಹೋದ ಸಲದಷ್ಟೇ

ಎರಡನೆಯ ರೊಟ್ಟಿ ಬಡಿಯುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ನಾಗರತ್ನಾ ಹಿಟ್ಟಿನ ಕೈಯಲ್ಲೇ ತೆರೆದಳು.

ಮೌನೇಶ... ನಾಲ್ಕು ತಿಂಗಳ ಮೇಲೆ! ಕಮಲಾಪುರದ ಮೊದಲ ಬಸ್ಸಿನ ಧೂಳು ಇನ್ನೂ ತಲೆಯ ಮೇಲಿತ್ತು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ.

"ಯಾಕ ಬಂದ್ರಿ?" ಗಂಡನಿಗೆ ಅಡ್ಡವಾಗಿ ನಿಂತಳು.

"ದುಂಡಮ್ಮನ ಬಾಳಿಗೊನಿ ಹೋದ ವಾರ ಮತ್ತ ಹೊಲದಾಗೇ ಕೊಳತಾವ. ಈ ಸಲ ನಿನ್ನ ಪ್ರೋಗ್ರಾಮಿನಿಂದ."

ನಾಗರತ್ನಾಳಿಗೆ ಸಿಟ್ಟು ನೆತ್ತಿಗೇರಿತು.

ಇಬ್ಬರೂ ಕಲಬುರಗಿಯಲ್ಲಿ ಕಂಪ್ಯೂಟರ್ ಕಲಿಸುವವರು, ಜಗಳವಾಡುತ್ತಲೇ ಪ್ರೀತಿಸಿದವರು. ಕಮಲಾಪುರದ ಕೆಂಪು ಬಾಳೆ ಬೆಳೆಗಾರರಿಗಾಗಿ, ಗೊನೆ ಒಯ್ಯುವ ಗಾಡಿ ಯಾರ ಹೊಲಕ್ಕೆ ಹೋಗಬೇಕೆಂದು ಹೇಳುವ ಪ್ರೋಗ್ರಾಂ ಬರೆಯಲು ಕೂತಾಗ ಜಗಳ ಯಾವ ಪ್ರೋಗ್ರಾಮಿಂಗ್ ಭಾಷೆ ಎಂಬಲ್ಲಿಗೆ ಬಂತು. ಅಂಕಿ ಇರಬೇಕಾದಲ್ಲಿ ಅಂಕಿ ಇಲ್ಲದಿದ್ದರೆ ಮುಂದೆ ಬಿಡದ ಬಿಗಿ ಭಾಷೆ ಬೇಕೆಂದಳು ಅವಳು. ಬರೆಯುವವರ ಕೈ ಕಟ್ಟದ ಸಡಿಲ ಭಾಷೆಯೇ ಸಾಕೆಂದ ಅವನು. ಅವನದೇ ನಡೆಯಿತು.

ಮೊಬೈಲಿನಲ್ಲಿ ಗೊನೆ ಎಷ್ಟು ಎಂದು ತುಂಬುವಲ್ಲಿ ಬೆಳೆಗಾರ್ತಿ ಮುದುಕಿ ದುಂಡಮ್ಮ, ಬಾಯಲ್ಲಿ ಹೇಳುವಂತೆಯೇ, 'ಹೋದ ಸಲದಷ್ಟೇ' ಎಂದು ಬರೆದಳು. ಸಡಿಲ ಭಾಷೆ ತುಟಿಪಿಟಕ್ಕೆನ್ನದೆ ಅದನ್ನು ಸೊನ್ನೆ ಎಂದುಕೊಂಡಿತು. ಗಾಡಿ ಅವಳ ಹೊಲದ ಬಳಿ ನಿಲ್ಲಲಿಲ್ಲ. ನಲವತ್ತು ಗೊನೆ ಕೊಳೆತವು.

ರೈತರೆಲ್ಲರ ಎದುರು ನಾಗರತ್ನಾ ಅವನನ್ನು ಬೇಜವಾಬ್ದಾರಿ ಎಂದಳು. ತಪ್ಪು ತಿದ್ದಿಕೊಳ್ಳುವ ತನಕ ಮನೆಗೆ ಬರಬೇಡಿ ಎಂದೂ ಅಂದುಬಿಟ್ಟಳು. ಅವನು ಕಮಲಾಪುರದ ಅಕ್ಕನ ಮನೆ ಸೇರಿದ. ಅವಳು ಎಲ್ಲವನ್ನೂ ಬಿಗಿ ಭಾಷೆಯಲ್ಲಿ ಹೊಸದಾಗಿ ಬರೆದಳು. ಮಗಳು ಸೃಷ್ಟಿ ದಿನವೂ ಏನೋ ಕೇಳಲು ಬಾಯಿ ತೆರೆದು, ತಾಯಿಯ ಮುಖ ನೋಡಿ ಸುಮ್ಮನಾಗುತ್ತಿದ್ದಳು.

"ನನ್ನ ಪ್ರೋಗ್ರಾಂ ತಪ್ಪು ಒಳಗ ಬಿಡೂದಿಲ್ಲ," ಎಂದಳು ಹಲ್ಲು ಕಚ್ಚಿ.

"ಬಿಡಲಿಲ್ಲ. ಆಕಿ ಮತ್ತ ಹಂಗೇ ಬರದಾಗ 'ತಪ್ಪು' ಅಂತ ಕೆಂಪಕ್ಷರ ಬಂತು. ಮುದುಕಿ ಹೆದರಿ ಮೊಬೈಲ್ ಮುಚ್ಚಿಟ್ಲು, ಯಾರಿಗೂ ಹೇಳಲಿಲ್ಲ." ಅವನ ದನಿಯೂ ಏರಿತ್ತು. ಥಟ್ಟನೆ ಇಳಿಯಿತು. "ನಾನೂ ಹಂಗೇ ಹೆದರಿ ಕೂತಿದ್ದೆ, ನಾಗೂ..."

ಅವನು ಲ್ಯಾಪ್‌ಟಾಪ್ ತೆರೆದು ಹಿಡಿದ. ಪರದೆಯ ಮೇಲೆ ಒಂದೇ ಸಾಲು: 'ಅವ್ವಾರ, ಹೋದ ಸಲ ನಲವತ್ತು ಗೊನಿ. ಅಷ್ಟೇ ಬರಕೊಳ್ಳಲೇನ್ರಿ?'

"ನಿನ್ನ ಬಿಗಿ ಭಾಷೆದಾಗೇ ಬರದೀನಿ. ಅಂಕಿ ಇಲ್ದ ಮುಂದ ಬಿಡೂದಿಲ್ಲ. ಆದ್ರ ಬೈಯೂದಿಲ್ಲ, ಕೇಳತದ."

ಇಷ್ಟು ಹೇಳಲು ಇವನಿಗೆ ನಾಲ್ಕು ತಿಂಗಳು ಬೇಕಿತ್ತೇ? ಅವಳು ತಿರುಗಿ ಒಳಗೆ ಹೋಗಿ ಸಿಟ್ಟಿನಲ್ಲೇ ರೊಟ್ಟಿ ಬಡಿದಳು. ಕಣ್ಣೀರು ಹಿಟ್ಟಿಗೆ ಬೀಳದಂತೆ ತೋಳಿನಿಂದ ಒರೆಸಿಕೊಂಡಳು.

"ಎಷ್ಟ್ ರೊಟ್ಟಿ?" ಅಲ್ಲಿಂದಲೇ ಗದರಿದಳು.

"ಹೋದ ಸಲದಷ್ಟೇ."

"ಅಂಕಿ ಹೇಳ್ರಿ."

"ಮೂರು."

ಮೂರೂ ತಟ್ಟೆಗೆ ಬಿದ್ದವು. ಅವನು ಮಾತ್ರ ಇನ್ನೂ ಹೊಸ್ತಿಲಾಚೆಯೇ ನಿಂತಿದ್ದ. ಒಳಗೆ ಹಲ್ಲುಜ್ಜುತ್ತ ನಿಂತಿದ್ದ ಸೃಷ್ಟಿ ಬಾಯಿಂದ ಬ್ರಷ್ ತೆಗೆದಳು.

"ಅವ್ವಾ, ರೊಟ್ಟಿ ಆರಾಕತ್ತಾವ... ಪಪ್ಪಾ ಒಳಗ ಬರಬಹುದೇನು?"