ಗ್ರಾಫಿಗೊಂದು ಕಾರ್ಡ್

“ಗ್ರಾಫಿಕ್ಸ್ ಕಾರ್ಡ್... ಇದು ಯಾತಕ್ಕ ಬೇ?”

ಅಪ್ಪ ಪಟ್ಟಿಯ ಐದನೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. ಶಾಂಭವಿ ಗಡಿಬಿಡಿಯಿಂದ ಪಟ್ಟಿಯತ್ತ ಬಾಗಿದಳು.

“ಅದರ ಮುಂದ ಬರದೀನಲ್ರಿ ಅಪ್ಪಾ. ಗಣಿತಕ್ಕ. ಗ್ರಾಫ್ ತಗ್ಯಾಕ. ಏಳನೇ ಕ್ಲಾಸಿನ್ಯಾಗ ಗ್ರಾಫ್ ಭಾಳ ಇರ್ತಾವ.”

“ಗ್ರಾಫಿಗೆ ಗ್ರಾಫಿಕ್ಸ್. ಬರೋಬರಿ ಐತಿ” ಎಂದು ಅಪ್ಪ ತಲೆಯಾಡಿಸಿ ಆರನೇ ಸಾಲಿಗೆ ಹೋದರು.

ಮನೆಗೆ ಕೊಳ್ಳಲಿದ್ದ ಕಂಪ್ಯೂಟರಿನ ಸಾಮಾನುಗಳ ಪಟ್ಟಿ ಮಾಡಿಕೊಟ್ಟಿದ್ದು ವಿದ್ಯಾನಗರದ ದೊಡ್ಡಪ್ಪನ ಮಗ ಪ್ರಸಾದಣ್ಣ. ಅವನ ಕಂಪ್ಯೂಟರಿನಲ್ಲಿ ಶಾಂಭವಿ ದೀಪಾವಳಿ ಸೂಟಿಯಲ್ಲಿ ಕಾರ್ ರೇಸ್ ಆಡಿದ್ದಳು. ಕೆಂಪು ಕಾರು, ಸಮುದ್ರದ ಪಕ್ಕದ ರಸ್ತೆ. ಕಾರಿನ ಬಾನೆಟ್ ಮೇಲೆ ಮೋಡದ ನೆರಳು ಕೂಡ ಓಡುತ್ತಿತ್ತು! “ಇದರ ಮಜಾ ಎಲ್ಲಾ ಗ್ರಾಫಿಕ್ಸ್ ಕಾರ್ಡಿನ್ಯಾಗ ಇರತೈತಿ. ಅದಿಲ್ಲಂದ್ರ ಗೇಮ್ ಜರ್ಕ್ ಹೊಡಿತೈತಿ” ಎಂದು ಪ್ರಸಾದಣ್ಣ ಹೇಳಿದ್ದ.

ಅವನು ಇಂಗ್ಲಿಷಿನಲ್ಲಿ ಬರೆದದ್ದನ್ನು ಶಾಂಭವಿ ಅಪ್ಪನಿಗಾಗಿ ಕನ್ನಡದಲ್ಲಿ ದುಂಡಗೆ ಬರೆದಳು. ಬರೆಯುತ್ತ ಬರೆಯುತ್ತ ಒಂದೊಂದು ಸಾಮಾನಿನ ಮುಂದೆ ಒಂದೊಂದು ಕಾರಣವನ್ನೂ ಸೇರಿಸಿದಳು. ಗೇಮ್ ಎಂಬ ಶಬ್ದ ಮಾತ್ರ ಎಲ್ಲೂ ಬರಲಿಲ್ಲ.

ಪಟ್ಟಿಯ ಕೊನೆಗೆ ಅಪ್ಪ ತಮ್ಮ ಕೈಯಿಂದ ಒಂದೇ ಸಾಲು ಬರೆದರು: ಪ್ರಿಂಟರ್.

ಅಪ್ಪನಿಗೆ ಉಣಕಲ್ಲಿನಲ್ಲಿ ಕಾಳಿನ ಅಂಗಡಿ. ಸೋಮವಾರ ಸಂಜೆ ಅಂಗಡಿ ಲಗೂ ಮುಚ್ಚಿ ಭಜನೆಗೆ ಹೋಗುತ್ತಿದ್ದರು. ಭಜನೆಯ ಹಿರಿಯರಿಗೆ ಪುಸ್ತಕದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅದಕ್ಕೆ ಅಪ್ಪ ಸ್ಕೆಚ್ ಪೆನ್ ಹಿಡಿದು ಒಂದೊಂದೇ ಹಾಡನ್ನು ದಪ್ಪಕ್ಷರದಲ್ಲಿ ಬರೆದುಕೊಡುತ್ತಿದ್ದರು. ಆರು ಮಂದಿಗೆ ಆರು ಪ್ರತಿ. ಬರೆದು ಮುಗಿಸುವಷ್ಟರಲ್ಲಿ ಅವರ ಬೆರಳು ಮರಗಟ್ಟುತ್ತಿದ್ದವು.

ರವಿವಾರ ಅಪ್ಪ–ಮಗಳು ಸ್ಕೂಟರ್ ಮೇಲೆ ಹುಬ್ಬಳ್ಳಿ ಪೇಟೆಗೆ ಹೋದರು. ಕಂಪ್ಯೂಟರ್ ಜೋಡಿಸಿಕೊಡುವ ಕಮರುದ್ದೀನರ ಅಂಗಡಿ ಮಾಳಿಗೆಯ ಮೇಲಿತ್ತು. ಒಳಗೆ ಹೋಗಲು ಎರಡು ಮಾನಿಟರ್ ಡಬ್ಬಿಗಳ ನಡುವೆ ಅಡ್ಡ ತಿರುಗಬೇಕಿತ್ತು. ಅಲ್ಲಿ ಎರಡು ಕಂಪ್ಯೂಟರ್ ಚಾಲೂ ಇದ್ದವು.

“ಬರ್ರಿ ಮುರುಗೆಪ್ಪಣ್ಣಾರ. ಕುಂದ್ರು ಬೇಟಿ” ಎಂದು ಕಮರುದ್ದೀನ ಪಟ್ಟಿ ತೆಗೆದುಕೊಂಡರು. ಓದುತ್ತ ಹೋದಂತೆ ಅವರ ಮೀಸೆ ಸ್ವಲ್ಪ ಅಲುಗಿತು. ಆದರೆ ನಗಲಿಲ್ಲ. ಪ್ರತಿಯೊಂದರ ಮುಂದೆ ಬೆಲೆ ಹಾಕಿದರು. ಕೂಡಿಸಿದರು. ತಲೆ ಕೆರೆದುಕೊಂಡರು.

“ಸ್ವಲ್ಪ ಮ್ಯಾಲ ಹೋಗತೈತ್ರಿ. ನೀವು ಹೇಳಿದ್ದು ಇಪ್ಪತ್ತೈದು ಸಾವಿರದೊಳಗ.”

“ಹಂಗಾರ ಏನರ ಕಡಿಮಿ ಮಾಡ್ರಿ.”

“RAM ಕಡಿಮಿ ಮಾಡಿದ್ರ ಎಲ್ಲಾ ನಿಧಾನ ಆಗತೈತಿ. ಮಾನಿಟರ್ ಇದಕ್ಕಿಂತ ಸಣ್ಣದು ಬ್ಯಾಡ್ರಿ. ಉಳಿದಿದ್ದು ಎರಡು: ಒಂದು ಈ ಗ್ರಾಫಿಕ್ಸ್ ಕಾರ್ಡ್, ಇನ್ನೊಂದು ಪ್ರಿಂಟರ್. ನನ್ನ ಕೇಳಿದ್ರ ಈ ಕಾರ್ಡ್...”

“ಏ, ಕಾರ್ಡ್ ಬ್ಯಾಡ ಅನಬ್ಯಾಡ್ರಿ” ಎಂದು ಅಪ್ಪ ಕೈ ಅಡ್ಡ ಹಿಡಿದರು. “ಅದು ನಮ್ಮ ಹುಡುಗಿ ಗಣಿತಕ್ಕ ಬೇಕು. ಪ್ರಿಂಟರ್ ತಗೀರಿ. ನನಗ ಕೈಲೆ ಬರದು ರೂಢಿ ಐತಿ.”

ಕಮರುದ್ದೀನ ಶಾಂಭವಿಯ ಕಡೆ ನೋಡಿದರು. ಪ್ರಿಂಟರಿನ ಮೇಲೆ ಒಂದು ಗೆರೆ ಎಳೆದರು.

ಶಾಂಭವಿ ಆ ಗೆರೆಯನ್ನೇ ನೋಡಿದಳು. ಬೇಕೆಂದದ್ದು ಸಿಕ್ಕೇಬಿಟ್ಟಿತ್ತು. ಖುಷಿಯಾಗಬೇಕಿತ್ತು. ಆದರೆ ಅವಳು ಅಪ್ಪನ ಅಂಗಿಯ ತೋಳು ಜಗ್ಗಿದಳು.

“ಅಪ್ಪಾ.”

“ಹೂಂ?”

“ಕಾರ್ಡ್ ಗ್ರಾಫಿಗೆ ಅಲ್ರಿ.”

ಅಪ್ಪ ತಿರುಗಿದರು. “ಅದರಾಗ ಗ್ರಾಫ್ ಬರಂಗಿಲ್ಲೇನು?”

“ಬರತಾವ್ರಿ. ಕಾರ್ಡ್ ಇಲ್ಲದನೂ ಬರತಾವ. ಅದು... ಕಾರ್ ರೇಸಿಗೆ ಬೇಕಾಗಿತ್ತು. ಗೇಮಿಗೆ.”

ಕಮರುದ್ದೀನ ಎದ್ದು, ಧೂಳೇ ಇಲ್ಲದ ಒಂದು ಡಬ್ಬಿಯನ್ನು ಒರೆಸತೊಡಗಿದರು. ಫ್ಯಾನು ಗರಗರ ಎನ್ನುತ್ತಿತ್ತು.

“ಆಟಕ್ಕ ಅಂತ ಬರೀಬೇಕಿತ್ತಲ್ಲ?” ಅಪ್ಪನ ದನಿ ಏರಲಿಲ್ಲ. ಅದೇ ಶಾಂಭವಿಗೆ ಹೆಚ್ಚು ಕಷ್ಟವಾಯಿತು.

“ಹಂಗ ಬರದ್ರ ನೀವು ಬ್ಯಾಡ ಅಂತಿದ್ರಿ.”

ಅಪ್ಪ ಕೆನ್ನೆ ಕೆರೆದುಕೊಂಡರು. “ಅಂತಿದ್ದೆ” ಎಂದರು. “ಖರೇ ಐತಿ. ಅಂತಿದ್ದೆ.”

ಆಮೇಲೆ ಕಮರುದ್ದೀನರ ಕಡೆ ನೋಡಿ, “ಏನ್ರೀ ಅದು ಕಾರ್ ರೇಸ್? ನಿಮ್ಮ ಕಡೆ ಐತೇನು? ಹಚ್ಚರಿ ನೋಡೂಣು” ಎಂದರು.

ಶಾಂಭವಿಗೆ ನಂಬಿಕೆಯೇ ಬರಲಿಲ್ಲ.

ಮೊದಲನೇ ಕಂಪ್ಯೂಟರಿನಲ್ಲಿ ಕಾರ್ಡ್ ಇತ್ತು. ಕಾರು ಮಿಂಚುತ್ತ ಓಡಿತು. ಎರಡನೆಯದರಲ್ಲಿ ಇರಲಿಲ್ಲ. ಅಲ್ಲಿ ಕಾರು ಕುಂಟಿತು, ಗಿಡಗಳು ರಟ್ಟು ಕತ್ತರಿಸಿ ನಿಲ್ಲಿಸಿದಂತೆ ಕಂಡವು. “ತಡೀರಿ” ಎಂದು ಕಮರುದ್ದೀನ ಸೆಟ್ಟಿಂಗಿಗೆ ಹೋಗಿ ನೆರಳು ತೆಗೆದರು, ಮೋಡ ತೆಗೆದರು. ಕಾರು ಸರಾಗ ಓಡತೊಡಗಿತು.

“ನೀವ ಆಡ್ರಿ ಅಪ್ಪಾ” ಎಂದಳು ಶಾಂಭವಿ, ಮೆಲ್ಲಗೆ.

ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದ ಅಪ್ಪ ಕಾರನ್ನು ನೆಟ್ಟಗೆ ಒಯ್ದು ಗೋಡೆಗೆ ಗುದ್ದಿದರು. “ಅರೇ! ಬ್ರೇಕ್ ಎಲ್ಲೈತ್ಲೇ ಇದಕ್ಕ?” ಮತ್ತೆ ಗುದ್ದಿದರು. ಮೂರನೇ ಸಲ ಕಾರು ಸಮುದ್ರಕ್ಕೆ ಬಿತ್ತು. ಕಮರುದ್ದೀನ ಹೊಟ್ಟೆ ಹಿಡಿದು ನಕ್ಕರು. ಶಾಂಭವಿ ತುಟಿ ಕಚ್ಚಿ ತಡೆದಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ.

“ಕಾಕಾ, ಪ್ರಿಂಟರ್ ಬರೀರಿ. ಕಾರ್ಡ್ ತಗೀರಿ” ಎಂದಳು. “ನೆರಳಿಲ್ಲದನೂ ಓಡತೈತಲ್ಲ, ಸಾಕು.”

ಕಮರುದ್ದೀನ ಬಿಡಿಭಾಗಗಳನ್ನೆಲ್ಲ ಜೋಡಿಸುವ ಎರಡು ಮದರ್‌ಬೋರ್ಡ್ ತಂದು ಮೇಜಿನ ಮೇಲಿಟ್ಟರು. ಒಂದರಲ್ಲಿ ಕಂದು ಬಣ್ಣದ ಉದ್ದನೆಯ ಗೂಡಿತ್ತು. “ನೋಡು ಬೇಟಿ, ಇದರಾಗ ಮುಂದ ಯಾವಾಗರ ಕಾರ್ಡ್ ಹಾಕಾಕ ಬರತೈತಿ. ಆ ಇನ್ನೊಂದರಾಗ ಜಾಗಾನ ಇಲ್ಲ. ಇದಕ್ಕ ಸ್ವಲ್ಪ ಜಾಸ್ತಿ, ಅಷ್ಟ.”

ಶಾಂಭವಿ ಪಟ್ಟಿಯನ್ನು ಎಳೆದುಕೊಂಡು ಮೇಲಿನಿಂದ ಕೆಳಗೆ ಓದಿದಳು. ನೀಲಿ ಲೈಟಿನ ಕ್ಯಾಬಿನೆಟ್ ಎಂದಿದ್ದಲ್ಲಿ ನಿಂತಳು. ಕಂಪ್ಯೂಟರಿನ ಆ ಹೊರಡಬ್ಬಿ ಕಪಾಟಿನ ಮೇಲೆಯೇ ಇತ್ತು, ಬಹಳ ಚೆಂದ ಇತ್ತು. “ಸಾದಾ ಕ್ಯಾಬಿನೆಟ್ ಕೊಟ್ರ ಆ ಜಾಸ್ತಿ ರೊಕ್ಕ ಸರಿ ಹೊಂದತೈತೇನ್ರಿ?”

“ಹೊಂದತೈತಿ” ಎಂದು ಕಮರುದ್ದೀನ ಪೆನ್ನು ಎತ್ತಿದರು.

ಮೆಟ್ಟಿಲು ಇಳಿಯುವಾಗ ಅಪ್ಪ ಕೇಳಿದರು, “ಪಟ್ಟ್ಯಾಗ ಇಂಥಾವು ಇನ್ನೂ ಅದಾವೇನು?”

“ಇಲ್ರಿ.” ಎರಡು ಮೆಟ್ಟಿಲು ಇಳಿದಳು. “ಒಂದೈತಿ. ದೊಡ್ಡ ಸಪ್ಪಳದ ವೂಫರ್ ಸ್ಪೀಕರ್. ಇಂಗ್ಲಿಷ್ ಉಚ್ಚಾರಕ್ಕ ಅಂತ ಬರದಿದ್ದೆ.”

ಅಪ್ಪ ಮೆಟ್ಟಿಲ ಮೇಲೇ ನಿಂತು ನಕ್ಕರು. “ಇರ್ಲಿ ಬಿಡು. ಭಜನಿ ಕ್ಯಾಸೆಟ್ ಬದ್ಲಿ ಸೀಡಿ ಹಾಕಿ ಕೇಳೂಣು.”

ಬುಧವಾರ ಕಂಪ್ಯೂಟರ್ ಬಂತು. ಅವ್ವ ಅದಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ಅಪ್ಪ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಹಾಡು ಟೈಪ್ ಮಾಡಲು ಕುಳಿತರು. ಒಂದು ಸಾಲಿಗೆ ಹತ್ತು ನಿಮಿಷ ಬೇಕಾಯಿತು. ಶಾಂಭವಿ ಬಾಗಿಲ ಹತ್ತಿರ ಹೋಂವರ್ಕ್ ಮುಗಿಸಿ ಕಾಯ್ದಳು. ವಿಜ್ಞಾನದ ಪಾಠ ನೋಡಬೇಕು ಎನ್ನಲೇ? ಟೈಪಿಂಗ್ ಪ್ರಾಕ್ಟೀಸ್ ಎನ್ನಲೇ? ಎರಡೂ ಮಾತು ನಾಲಿಗೆಯ ತುದಿಗೆ ಬಂದಿದ್ದವು. ಯಾವುದನ್ನು ಹೇಳಿದರೂ ಅಪ್ಪ ನಂಬುತ್ತಾರೆ. ಅದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು.

“ಅಪ್ಪಾ, ಹದಿನೈದು ನಿಮಿಷ ನನಗ ಕೊಡ್ತೀರೇನ್ರಿ?”

“ಯಾತಕ್ಕ?”

“ಆಟಕ್ಕ” ಎಂದಳು ಶಾಂಭವಿ.

ಅಪ್ಪ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಆದರೆ ಎದ್ದು ಹೋಗಲಿಲ್ಲ. “ಮೊದಲ ಬ್ರೇಕ್ ಎಲ್ಲೈತಿ ತೋರ್ಸು” ಎಂದರು.