ಗಾಳಿಗೆ ನಿಲ್ಲದ ಡ್ರೋನ್

ಸೈರನ್ ಕೂಗಿತು!

ಮೊದಲನೆಯ ಸೈರನ್. ಕಲ್ಲು ಕ್ವಾರಿಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ... ಸಿಡಿಮದ್ದು ತುಂಬಿ ಆಗಿದೆ, ಓಡಿ! ಎರಡನೆಯದು ಕೂಗಿತೆಂದರೆ ಬಂಡೆ ಹಾರುತ್ತದೆ.

ಎಲ್ಲರೂ ಹೊರಕ್ಕೆ ಓಡುತ್ತಿದ್ದರು. ನಾನೊಬ್ಬ ಒಳಕ್ಕೆ ಓಡುತ್ತಿದ್ದೆ.

ಗೇಟಿನ ಕಾವಲುಗಾರ ಅಡ್ಡ ಬಂದ.

"ಏಯ್! ಸಾಯ್ಬೇಕು ಅಂತಿದೀಯಾ?"

"ಕೆಳಗೆ ಒಬ್ರು ಹೆಂಗಸು ಇದಾರೆ! ನಿಲ್ಲಿಸೋಕೆ ಹೇಳು!"

"ಭಾನುವಾರ ಇಲ್ಲಿಗೆ ಯಾವ ಹೆಂಗಸು ಬರ್ತಾಳೆ? ನಡಿ ಆಚೆಗೆ!"

ಅವನ ದೊಣ್ಣೆ ನನ್ನ ಭುಜಕ್ಕೆ ಬಿತ್ತು. ತಿರುಗಿ ನಾನೂ ಒಂದು ಕೊಟ್ಟೆ. ಅಲ್ಲೇ ಕುಕ್ಕರಿಸಿದ.

ಗುಂಡಿಯ ತಳದಲ್ಲಿ ಹಳದಿ ಜಾಕೆಟ್ ಕಾಣುತ್ತಿತ್ತು. ಡಾಕ್ಟರಮ್ಮ! ಊರಿನ ಹಲ್ಲಿನ ಡಾಕ್ಟರು. ಬಗ್ಗಿ ಕಲ್ಲುಗಳ ನಡುವೆ ಹುಡುಕುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಗಾಳಿಗೆ ಸಿಕ್ಕಿ ಬಿದ್ದ ತಮ್ಮ ಹೊಸ ಡ್ರೋನನ್ನು.

ಅದನ್ನು ಅವರಿಗೆ ಆರಿಸಿಕೊಟ್ಟವನು ನಾನು. ಕೆಲಸಕ್ಕೆ ಬಾರದ್ದೆಂದು ಗೊತ್ತಿದ್ದೇ ಆರಿಸಿಕೊಟ್ಟಿದ್ದೆ.

ಕೇಳಿ. ನಾಚಿಕೆ ಬಿಟ್ಟು ಹೇಳುತ್ತೇನೆ... ಇಲ್ಲ, ನಾಚಿಕೆ ಇಟ್ಟುಕೊಂಡೇ ಹೇಳುತ್ತೇನೆ.

ನನ್ನ ಕಸುಬು ಏನೆಂದು ಯಾರಾದರೂ ಕೇಳಿದರೆ 'ಕನ್ಸಲ್ಟೆಂಟ್' ಅನ್ನುತ್ತೇನೆ. ಹೆಂಡತಿ 'ಊರ ಉಸಾಬರಿ' ಅನ್ನುತ್ತಾಳೆ. ದೊಡ್ಡವರ ತಲೆನೋವನ್ನು ಸದ್ದಿಲ್ಲದೆ ಇಳಿಸುವುದು ನನ್ನ ಕೆಲಸ. ಆ ವಾರ ತಲೆನೋವು ಬಂದದ್ದು ಕ್ವಾರಿ ಸಾಹುಕಾರನಿಗೆ.

"ಒಬ್ಬ ಹಲ್ಲಿನ ಡಾಕ್ಟ್ರು ನಮ್ಮ ಗುಡ್ಡದ ಫೋಟೋ ತೆಗೀತಾಳಂತೆ. ಮೇಲಿಂದ! ಗೋಡೆಯಷ್ಟು ದೊಡ್ಡದಾಗಿ ಪ್ರಿಂಟ್ ಮಾಡ್ಸಿ ಟೌನ್ ಹಾಲಲ್ಲಿ ಹಾಕ್ತಾಳಂತೆ."

"ಹಾಕ್ಲಿ ಬಿಡಿ. ಗುಡ್ಡ ತಾನೇ?"

"ಮುಂದಿನ ಕಡೆ ಗುಡ್ಡ. ಹಿಂದಿನ ಕಡೆ..."

ನನಗೆ ಅರ್ಥವಾಯಿತು. ಊರಿಗೆ ಕಾಣುವುದು ಮುಂದಿನ ಹಸಿರು ಮಾತ್ರ. ಹಿಂದೆ ಇವನ ಮೆಷಿನ್ನುಗಳು ಪರವಾನಗಿಯ ಗಡಿಕಲ್ಲು ದಾಟಿ ಎಷ್ಟೋ ಕಾಲವಾಗಿತ್ತು. ಊರಿಗೆ ನೀರು ಕೊಡುವ ಕೆರೆಯ ಏರಿಯ ಬುಡದ ತನಕ ಗುಡ್ಡವನ್ನು ತಿಂದು ತೇಗಿದ್ದ.

"ಹೆದರಿಸ್ಲಾ?"

"ಛೆ! ಪೇಪರ್‌ನವರ ಹತ್ರ ಹೋಗ್ತಾಳೆ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಡ್ರೋನ್ ತಗೊಳ್ಳೋಕೆ ನಿನ್ನ ಭಾಮೈದನ ಅಂಗಡಿಗೇ ಬರ್ತಾಳೆ. ಅವಳು ತಗೊಳ್ಳೋ ಡ್ರೋನ್ ಹೆಂಗಿರ್ಬೇಕು ಗೊತ್ತಾ? ಫೋಟೋ ಬರ್ಬೇಕು... ಏನೂ ಕಾಣಬಾರ್ದು!"

ಸುಲಭದ ಕೆಲಸ ಅನ್ನಿಸಿತು. ಒಪ್ಪಿಕೊಂಡೆ.

ಊರಿಗೆ ಇರುವ ಒಂದೇ ಕ್ಯಾಮೆರಾ ಅಂಗಡಿ ಭಾಮೈದನದು. ಸೂಜಿಮೊನೆಯಷ್ಟೂ ಸುಳ್ಳು ಹೇಳಲು ಬಾರದ ಹುಂಬ. ವಿಷಯ ಕೇಳಿ ಅವನ ಮುಖ ಕಪ್ಪಿಟ್ಟಿತು.

"ಭಾವಾ, ಬೇಡ. ಆಯಮ್ಮ ಹುಡುಗಾಟಕ್ಕೆ ಫೋಟೋ ತೆಗೆಯೋರಲ್ಲ."

"ಈ ಅಂಗಡಿಗೆ ಲೈಸೆನ್ಸ್ ಮಾಡಿಸಿಕೊಟ್ಟಿದ್ಯಾರು?"

"ನೀವೇ ಭಾವ."

"ಹಾಗಾದ್ರೆ ಸುಮ್ನೆ ಲೆನ್ಸ್ ಒರೆಸ್ತಾ ಕೂತ್ಕೋ. ಮಾರೋನು ನಾನು."

ಡಾಕ್ಟರಮ್ಮ ಬಂದರು. ನಲವತ್ತು ದಾಟಿದ ಹೆಂಗಸು. ಗಟ್ಟಿ ದನಿ. ಕೌಂಟರಿನ ಮೇಲೆ ಎರಡು ಡ್ರೋನ್ ಇಟ್ಟಿದ್ದೆ. ಒಂದು ಅಂಗೈಯಗಲದ ಹಗುರದ್ದು. ಇನ್ನೊಂದು ದೊಡ್ಡದು, ಭಾರದ್ದು.

"ನೋಡಿ, ನಂಗೆ ವಿಡಿಯೋ ಬೇಡ. ಸ್ಟಿಲ್ಸ್ ಬೇಕು. ಬೆಳಗಿನ ಜಾವ ಗುಡ್ಡದ ಒಂದು ಮಗ್ಗುಲು ಬೆಳಕಲ್ಲಿ ಉರೀತಿರತ್ತೆ, ಇನ್ನೊಂದು ಮಗ್ಗುಲು ಕತ್ತಲು. ಎರಡೂ ಕಡೆ ಕಲ್ಲು ಕಲ್ಲೂ ಕಾಣ್ಬೇಕು."

"ಚಿಕ್ಕದು ತಗೊಳ್ಳಿ ಮೇಡಂ! ನಲವತ್ತೆಂಟು ಮೆಗಾಪಿಕ್ಸೆಲ್!"

"ರೀ... ಒಂದು ಬ್ರೆಡ್ ತುಂಡನ್ನ ನಲವತ್ತೆಂಟು ಚೂರು ಮಾಡಿದ್ರೆ ಬ್ರೆಡ್ ದೊಡ್ಡದಾಗತ್ತಾ? ಒಳಗೆ ಬೆಳಕು ಹಿಡಿಯೋ ಸೆನ್ಸರ್ ಎಷ್ಟು ದೊಡ್ಡದು, ಅದು ಹೇಳಿ."

ನಾನು ಮಾತು ತೇಲಿಸಲು ನೋಡಿದೆ. ಅವರು ಬಿಡಲಿಲ್ಲ. ತಿದ್ದದ ಮೂಲಚಿತ್ರದ ರಾ ಫೈಲ್ ಕೊಡುತ್ತಾ? ಬೆಳಕು ಒಳಬಿಡುವ ಕಿಂಡಿ, ಅಪರ್ಚರ್, ಕೈಯಲ್ಲಿ ಬದಲಾಯಿಸಬಹುದಾ? ಗುಡ್ಡದ ತಲೆಯ ಮೇಲಿನ ಗಾಳಿಗೆ ಅಲ್ಲಾಡದೆ ನಿಲ್ಲುತ್ತಾ? ಒಂದೊಂದು ಪ್ರಶ್ನೆಗೂ ಸರಿಯುತ್ತರ ಪಕ್ಕದಲ್ಲಿದ್ದ ದೊಡ್ಡ ಡ್ರೋನು. ಅವರ ಕೈ ಆಗಲೇ ಅದರತ್ತ ಹೋಗುತ್ತಿತ್ತು.

ನಾನು ದನಿ ತಗ್ಗಿಸಿದೆ.

"ಮೇಡಂ, ಮಾರೋನಾಗಿ ನಾನಿದನ್ನ ಹೇಳಬಾರ್ದು... ಆ ದೊಡ್ಡದು ಮಾರಿದ್ದೆಲ್ಲಾ ವಾಪಸ್ ಬಂದಿದೆ. ಕ್ಯಾಮೆರಾ ಹಿಡಿದಿರೋ ಗಿಂಬಲ್ ಕೈಕೊಡತ್ತೆ. ಅದನ್ನ ಮಾರಿದ್ರೆ ಲಾಭ ನಮಗೇ. ಆದ್ರೆ ಮನಸ್ಸು ಒಪ್ಪಲ್ಲ."

"ಮತ್ತೆ ಈ ಚಿಕ್ಕದು ಗಾಳಿಗೆ?"

"ಬಂಡೆ ಥರ ನಿಲ್ಲತ್ತೆ!"

ಮನಸ್ಸು ಒಪ್ಪಲ್ಲ ಅಂದೆ! ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಭಾಮೈದ ಲೆನ್ಸ್ ಒರೆಸುತ್ತಿದ್ದ ಬಟ್ಟೆ ಎಸೆದು ಒಳಗೆ ಎದ್ದುಹೋದ.

ಡಾಕ್ಟರಮ್ಮ ನಂಬಿದರು. ಚಿಕ್ಕದನ್ನೇ ಕೊಂಡರು. ಹೊರಡುವಾಗ ತಿರುಗಿ ನನ್ನ ಮುಖ ನೋಡಿದರು.

"ನಿಮ್ಮ ಕೆನ್ನೆ ಊದಿದೆಯಲ್ರೀ. ನಾಳೆ ಕ್ಲಿನಿಕ್ಕಿಗೆ ಬನ್ನಿ."

ನೋವು ತಡೆಯಲಾಗದೆ ಹೋದೆ. ಹೋಗಬಾರದಿತ್ತು. ಕುರ್ಚಿಯಲ್ಲಿ ಒರಗಿಸಿ, ಮುಖಕ್ಕೆ ದೀಪ ಬಿಟ್ಟು, ಕೊಳೆತ ದವಡೆಹಲ್ಲು ಕೀಳುತ್ತಾ ಮಾತಾಡಿದರು.

"ಆ ಕಿಟಕಿ ನೋಡಿ. ದಿನಾ ಇಲ್ಲಿಂದ ಆ ಗುಡ್ಡ ನೋಡ್ತೀನಿ. ಅದರ ಹಿಂದೆ ಏನಿದೆ ಅಂತ ಒಂದ್ಸಲಾನೂ ನೋಡಿಲ್ಲ. ಮೊದಲನೇ ಪ್ರದರ್ಶನ ಇದು, ನನ್ನ ಜೀವಮಾನದ ಆಸೆ... ಅಗಲಿಸಿ ಬಾಯಿ!"

ಫೀಸ್ ಎಷ್ಟೆಂದು ಸನ್ನೆಯಲ್ಲಿ ಕೇಳಿದೆ. ಬಾಯಿ ತುಂಬ ಹತ್ತಿ.

"ನೀವು ನನ್ನ ಹತ್ರ ಲಾಭ ನೋಡ್ಲಿಲ್ಲ. ನಾನ್ಯಾಕೆ ನೋಡ್ಲಿ? ಹೋಗಿ, ಬಿಸಿ ಏನೂ ತಿನ್ಬೇಡಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗಲೇ ನಿಜ ಹೇಳಬಹುದಿತ್ತು. ಹತ್ತಿ ಉಗುಳಿ ಹೇಳಲು ಎಷ್ಟು ಹೊತ್ತು? ಹೇಳಲಿಲ್ಲ. ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಹಲ್ಲುನೋವು ಅಂದುಕೊಂಡು ಹೆಂಡತಿ ಗಂಜಿ ಕಾಯಿಸಿಕೊಟ್ಟಳು.

ಭಾನುವಾರ ಬೆಳಗ್ಗೆ ಅವರು ಗುಡ್ಡ ಹತ್ತಿದರು. ನಾನು ಹಿಂದಿನ ಇಳಿಜಾರಿನ ಬಂಡೆಯ ಮರೆಯಲ್ಲಿ ಬೈನಾಕ್ಯುಲರ್ ಹಿಡಿದು ಕೂತಿದ್ದೆ. ಡ್ರೋನ್ ಏರಿತು. ಗಾಳಿ ಬೀಸಿತು. ಬಂಡೆ ಥರ ನಿಲ್ಲಬೇಕಾದದ್ದು ತರಗೆಲೆ ಥರ ಹಾರಿ ನೇರ ಕ್ವಾರಿಯೊಳಕ್ಕೆ ಬಿತ್ತು. ಸಾಹುಕಾರನಿಗೆ ಫೋನ್ ಮಾಡಿ ಕೆಲಸ ಆಯಿತು ಅಂದೆ.

ಅಷ್ಟರಲ್ಲಿ ಹಳದಿ ಜಾಕೆಟ್ ಹಿಂದಿನ ಕಾಲುದಾರಿಯಲ್ಲಿ ಕ್ವಾರಿಗೆ ಇಳಿಯುವುದು ಕಂಡಿತು. ರಜೆಯ ದಿನ, ಯಾರೂ ಇರುವುದಿಲ್ಲ ಎಂದು ಅವರ ಎಣಿಕೆ. ಅಧಿಕಾರಿಗಳು ಬರದ ದಿನ ನೋಡಿಯೇ ಸಾಹುಕಾರ ಬಂಡೆ ಒಡೆಸುತ್ತಾನೆಂದು ಅವರಿಗೇನು ಗೊತ್ತು?

ಮತ್ತೆ ಫೋನ್ ಮಾಡಿದೆ.

"ಸಾಹುಕಾರ್ರೇ, ಬ್ಲಾಸ್ಟ್ ನಿಲ್ಲಿಸಿ! ಡಾಕ್ಟರಮ್ಮ ಕೆಳಗಿದಾರೆ!"



"ನಿಲ್ಲಿಸಿದ್ರೆ ಎಲ್ಲಾ ನೋಡ್ಕೊಂಡು ಹೋಗಿ ಊರಿಗೆಲ್ಲಾ ಹೇಳ್ತಾಳೆ."

"ಸಾಯ್ತಾರೆ ಸಾರ್!"

"ನಾನೇನು ಕರೆದಿದ್ನಾ?"

ಕಟ್!

ಆಗಲೇ ಆ ಮೊದಲನೇ ಸೈರನ್ ಕೂಗಿದ್ದು. ಆಗಲೇ ನಾನು ಓಡಿದ್ದು.

ಗೇಟು ದಾಟಿದೆ. ಜಲ್ಲಿಯ ಮೇಲೆ ಜಾರಿದೆ. ಮೊಣಕಾಲು ತರಚಿಹೋಯಿತು. ಎದ್ದೆ... ಓಡಿದೆ...

"ಡಾಕ್ಟರಮ್ಮಾ! ಬನ್ನಿ ಈ ಕಡೆ!"

ಅವರು ತಲೆಯೆತ್ತಿದರು. ಗುರುತು ಹಿಡಿದು ನಕ್ಕರು! ಕೈಯಲ್ಲಿ ರೆಕ್ಕೆ ಮುರಿದ ಡ್ರೋನ್.

"ಅರೆ, ನೀವಾ! ಸಿಕ್ತು ನೋಡಿ! ಆ ಸೈರನ್ ಏನ್ರೀ? ಶಿಫ್ಟ್ ಮುಗೀತಾ?"

ಎರಡನೇ ಸೈರನ್!

ಅವರ ರಟ್ಟೆ ಹಿಡಿದು ಎಳೆದೆ. ಪಕ್ಕದಲ್ಲಿ ಕಲ್ಲು ಹೇರಿದ ಟಿಪ್ಪರ್ ಲಾರಿ ನಿಂತಿತ್ತು. ಅದರ ಚಕ್ರಗಳ ನಡುವೆ ಅವರನ್ನು ನೂಕಿ ಮೇಲೆ ಬಿದ್ದೆ.

ನೆಲ ನಡುಗಿತು. ಕಿವಿ ಮುಚ್ಚಿತು. ಟಿಪ್ಪರಿನ ಮೇಲೆ ಕಲ್ಲಿನ ಮಳೆ! ಒಂದು ಚೂರು ಬಂದು ನನ್ನ ಬೆನ್ನಿಗೆ ನಾಟಿತು. ಆಮೇಲೆ ಧೂಳು... ಬರೀ ಧೂಳು.

ಕೆಮ್ಮು ನಿಂತ ಮೇಲೆ ಅವರು ಆಡಿದ ಮೊದಲ ಮಾತು ಕೇಳಿ.

"ಕ್ಷಮಿಸಿ. ಅಷ್ಟು ಹೊತ್ತು ನಿಂತು ಆರಿಸಿಕೊಟ್ರಿ. ನನಗೇ ಹಾರಿಸೋಕೆ ಬರ್ಲಿಲ್ಲ. ನನ್ನಿಂದ ನಿಮ್ಮ ಜೀವಕ್ಕೂ ಸಂಚಕಾರ ಬರ್ತಿತ್ತು."

ಕ್ಷಮಿಸಿ! ಅವರು, ನನ್ನನ್ನು!

ಬೆನ್ನಿನ ಗಾಯ ಉರಿಯಲಿಲ್ಲ. ಆ ಮಾತು ಉರಿಯಿತು. ಟಿಪ್ಪರಿನ ಕೆಳಗೆ ಹೊಟ್ಟೆಯ ಮೇಲೆ ಮಲಗಿಕೊಂಡೇ ಎಲ್ಲವನ್ನೂ ಹೇಳಿದೆ. ಸಾಹುಕಾರ, ಅಂಗಡಿ, ಗಿಂಬಲ್ಲಿನ ಸುಳ್ಳು, ಮನಸ್ಸು ಒಪ್ಪಲ್ಲ ಅಂದದ್ದು... ಹೇಳುತ್ತಾ ಅವರ ಮುಖ ನೋಡಲಾಗಲಿಲ್ಲ. ಚಕ್ರದ ನಟ್ಟು ನೋಡುತ್ತಾ ಹೇಳಿದೆ.

ಬೈಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೂ ತಿನ್ನುತ್ತಿದ್ದೆ.

ಮುರಿದ ಡ್ರೋನನ್ನು ತಿರುಗಿಸಿ ನೋಡುತ್ತಾ ಕೇಳಿದರು.

"ಹಾಗಾದ್ರೆ... ಯಾವುದು ತಗೋಬೇಕಿತ್ತು?"

"ಆ ದೊಡ್ಡದು."

"ಗಿಂಬಲ್?"

"ಚೆನ್ನಾಗಿದೆ. ಒಂದೂ ವಾಪಸ್ ಬಂದಿಲ್ಲ."

"ಹೂಂ," ಎಂದು ತೆವಳಿಕೊಂಡು ಆಚೆ ಹೋದರು. ಗುಂಡಿಯ ನಡುವೆ ನಿಂತು ಸುತ್ತಲೂ ನೋಡಿದರು. ಗುಡ್ಡದ ಹಿಂದೆ ಏನಿದೆಯೆಂದು ಕೊನೆಗೂ ನೋಡಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಮಾರನೆಯ ದಿನ ದೊಡ್ಡ ಡ್ರೋನನ್ನು ಭಾಮೈದನ ಕೈಯಿಂದಲೇ ಕೊಂಡರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಸಾಹುಕಾರ ಸುಮ್ಮನಿರುವುದಿಲ್ಲ, ಗುಡ್ಡಕ್ಕೆ ಜೊತೆಗೆ ಬರುತ್ತೇನೆ ಅಂದೆ. ಬೇಡ ಅನ್ನಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ.

ಮುಂದಿನ ಭಾನುವಾರ. ಗುಡ್ಡದ ತುದಿ. ಅದೇ ಗಾಳಿ. ದೊಡ್ಡ ಡ್ರೋನ್ ಮೇಲೇರಿ, ಮೊಳೆ ಹೊಡೆದಂತೆ ಒಂದೇ ಕಡೆ ನಿಂತಿತು. ಬೆಳಕು ಇನ್ನೂ ಬಂದಿರಲಿಲ್ಲ.

ಸಾಹುಕಾರನ ಜೀಪು ಬಂತು!

ಮೂವರು ಇಳಿದರು. ನಾನು ಅಡ್ಡ ನಿಂತೆ. ಮೊದಲನೆಯವನ ಮೂಗಿಗೆ ಗುದ್ದಿದೆ. ಎರಡನೆಯವನು ಹಿಂದಿನಿಂದ ಹಿಡಿದ. ಮೂರನೆಯವನು ಹೊಟ್ಟೆಗೆ ಬಿಟ್ಟ... ಒಂದು, ಇನ್ನೊಂದು...

"ಡಾಕ್ಟರಮ್ಮಾ... ಬೇಗ!"

"ತಡೀರಿ! ಸೂರ್ಯ ಇನ್ನೂ ಮೋಡದ ಹಿಂದೆ ಇದಾನೆ!"

ತಡೆದೆ. ಬಿದ್ದ ಏಟನ್ನೆಲ್ಲ ತಡೆದುಕೊಂಡೆ. ಒಬ್ಬನ ಕಾಲು ಕಚ್ಚಿ ಹಿಡಿದೆ. ಇನ್ನೊಬ್ಬನ ಸೊಂಟಕ್ಕೆ ಜೋತುಬಿದ್ದೆ. ಅಂಥ ಹೊತ್ತಿನಲ್ಲೂ ಅವರು ಆತುರ ಮಾಡಲಿಲ್ಲ. ಬೆಳಕು ಬಂತು. ಕ್ಲಿಕ್. ಬೆಳಕಿಗೊಂದು, ನೆರಳಿಗೊಂದು, ನಡುವಿನದಕ್ಕೊಂದು. ಆಮೇಲೆ ಫೋನ್ ಎತ್ತಿ ಹಿಡಿದು ಆ ಮೂವರ ಮುಖವನ್ನೂ ತೆಗೆದರು. ಮೂವರೂ ಜೀಪು ಹತ್ತಿ ಓಡಿದರು.

"ಎದ್ದೇಳಿ," ಅಂದರು. ಅಷ್ಟೇ.

ಟೌನ್ ಹಾಲಿನಲ್ಲಿ ಚಿತ್ರ ಗೋಡೆ ತುಂಬಿತ್ತು. ಎಡಕ್ಕೆ ಬಿಸಿಲಿನ ಹಸಿರು. ಬಲಕ್ಕೆ ಬಗೆದ ಹೊಟ್ಟೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬಂಡೆ, ಮುರಿದು ಬಿದ್ದ ಗಡಿಕಲ್ಲು, ಕೆರೆಯ ಏರಿಗೆ ತಾಗಿ ನಿಂತ ಮೆಷಿನ್ನು... ನೆರಳಿನಲ್ಲೂ ಪ್ರತಿಯೊಂದೂ ಕಾಣುತ್ತಿತ್ತು. ಜನ ಮುಂದೆ ನುಗ್ಗಿ ಕೆರೆಯ ಏರಿಗೆ ಬೆರಳು ಮಾಡಿ ತೋರಿಸಿದರು. ಗಣಿ ಇಲಾಖೆಯ ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಆ ವಾರವೇ ಕ್ವಾರಿಗೆ ಬೀಗ ಬಿತ್ತು.

ನಾನು ಕಂಬದ ಮರೆಯಲ್ಲಿದ್ದೆ. ತಲೆ ತಗ್ಗಿಸಿ ಜಾರಿಕೊಳ್ಳುವುದರಲ್ಲಿದ್ದೆ. ಡಾಕ್ಟರಮ್ಮನ ಗಟ್ಟಿ ದನಿ ಹಿಡಿದು ನಿಲ್ಲಿಸಿತು.

"ಇವರನ್ನ ಎಲ್ಲರಿಗೂ ಪರಿಚಯ ಮಾಡಿಸ್ಬೇಕು. ನನಗೆ ಡ್ರೋನ್ ಆರಿಸಿಕೊಟ್ಟವರು ಇವರೇ."

ಅಷ್ಟು ಹೇಳಿ ನಿಲ್ಲಿಸಿದರು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಕಣ್ಣು ನೇರ ನನ್ನ ಕಣ್ಣಲ್ಲಿತ್ತು.

ಚಪ್ಪಾಳೆ! ಜನ ಸಾಲಾಗಿ ಬಂದು ಕೈ ಕುಲುಕಿದರು. ಗುಡ್ಡದ ಮೇಲೆ ತಿಂದ ಒದೆ ಎಷ್ಟೋ ವಾಸಿ. ಕೋಟು ತೊಟ್ಟ ಒಬ್ಬ ಹಿರಿಯರು ನನ್ನ ಕೈ ಬಿಡಲೇ ಇಲ್ಲ.

"ಸರ್, ನಾನೂ ಒಂದು ಡ್ರೋನ್ ತಗೋಬೇಕು ಅಂತಿದೀನಿ. ಯಾವುದು ತಗೊಳ್ಳಲಿ? ನೀವು ಹೇಳಿದ್ದೇ ಫೈನಲ್!"

"ನನ್ನ ಭಾಮೈದನ್ನ ಕೇಳಿ ಸಾರ್," ಅಂದೆ. "ನಾನು ಕಳ್ಳ."

ಹಾಲ್‌ಗೆ ಹಾಲೇ ನಕ್ಕಿತು... ಡಾಕ್ಟರಮ್ಮ ಒಬ್ಬರು ನಗಲಿಲ್ಲ!