ಮಳವಳ್ಳಿಯಲ್ಲಿ ವಾಲಿ ನಿಂತಿದ್ದ ಕಾರು

ಯುದ್ಧ ಮುಗಿದ ವರ್ಷ, ಬಾಡಿಗೆಗೆ ಓಡಿಸಲೆಂದು ಹಳೇ ಕಾರೊಂದನ್ನು ನೋಡಲು ನಾನು ಮಳವಳ್ಳಿಗೆ ಹೋದೆ. ಜೊತೆಗೆ ಮದ್ದೂರಿನ ಮೆಕ್ಯಾನಿಕ್ ಜಲಾಲ್ ಇದ್ದ. ಅವನು ಒಪ್ಪದೆ ನಮ್ಮ ಕಡೆ ಯಾರೂ ಗಾಡಿ ಕೊಳ್ಳುತ್ತಿರಲಿಲ್ಲ.

ನಡುಮಧ್ಯಾಹ್ನ. ಕೊಟ್ಟಿಗೆಯಲ್ಲಿದ್ದ ಕಾರು ಡ್ರೈವರ್ ಕೂರುವ ಕಡೆಗೆ ವಾಲಿತ್ತು. ಸ್ಪ್ರಿಂಗ್ ಮುರಿದಿರಬೇಕು ಅಂದೆ. ಜಲಾಲ್ ಕೆಳಗೆ ತೂರಿ ಸ್ಪ್ರಿಂಗಿನ ಪಟ್ಟಿಗಳನ್ನೆಲ್ಲ ಮುಟ್ಟಿ ನೋಡಿದ. ಒಂದೂ ಮುರಿದಿರಲಿಲ್ಲ, ಟೈರುಗಳಲ್ಲೂ ಗಾಳಿ ಸಮನಾಗಿತ್ತು. ನಾನು ಖಾಲಿ ಸೀಟಿನ ಮೇಲೆ ಕೈಯಿಟ್ಟೆ. ಯಾರೋ ಕೂತಿದ್ದಂತೆ ಬೆಚ್ಚಗಿತ್ತು.

"ಯಾರು ಓಡಿಸ್ತಿದ್ರು?" ಕಾರಿನ ಮಾಲೀಕ ಹುಚ್ಚೀರಯ್ಯನನ್ನು ಜಲಾಲ್ ಕೇಳಿದ.

"ನಮ್ಮವ್ವ, ಚಿಕ್ಕನಂಜಮ್ಮ. ಜಲಪಾತದ ತಾವಿರೋ ಬ್ಲಫ್‌ವರ್ಗೂ ಒಬ್ಳೇ ಓಡಿಸ್ಕೊಂಡೋಗೋಳು. ತೀರ್ಕೊಂಡು ಮೂರು ವರ್ಸ ಆಯ್ತು."

ನನಗೆ ಓಡಿಬಿಡಬೇಕೆನಿಸಿತು. ಜಲಾಲ್ ಮಾತ್ರ ಕೈಯ ಎಣ್ಣೆ ಒರೆಸಿಕೊಂಡು, ಮನೆಯ ಹಿರಿಯರಿಗೆ ತೆರೆಯುವಂತೆ ಬಾಗಿಲು ತೆರೆದು ಹಿಡಿದ.

"ಒಸಿ ಇಳೀರಮ್ಮ, ಬ್ರೇಕ್ ನೋಡ್ಬೇಕು," ಅಂದ.

ಕಾರು ಕಿರುಗುಟ್ಟಿ, ಮೆಲ್ಲಗೆ ಮೇಲೆದ್ದು ನೆಟ್ಟಗೆ ನಿಂತಿತು. ಅವನು ಅದೇ ಸೀಟಿನಲ್ಲಿ ಕೂತು ಬ್ರೇಕು, ಸ್ಟಿಯರಿಂಗು ಎಲ್ಲವನ್ನೂ ನಿಧಾನವಾಗಿ ನೋಡಿದ. ಅಂಥ ಗುಂಡಿಗೆಯವನನ್ನು, ಅಂಥ ಮರ್ಯಾದಸ್ಥನನ್ನು ನಾನು ಮತ್ತೆ ಕಂಡಿಲ್ಲ.

"ಚೆಂದಾಗಿ ಮಡಗವ್ರೆ, ತಗೊಳ್ಳಿ," ಅಂದ. ನಾನು ಕೊಂಡೆ.

ಹೊರಡುವಾಗ ಹುಚ್ಚೀರಯ್ಯ ನಮ್ಮತ್ತ ನೋಡಲಿಲ್ಲ. ಖಾಲಿ ಅಂಗಳಕ್ಕೆ ತಿರುಗಿ, "ಬಿಸ್ಲು ಕಣವ್ವ, ಒಳಕ್ ಬಾ," ಅನ್ನುತ್ತಿದ್ದ.